ಕೆಂಚಮ್ಮನ ಮನೆಯ ಲೈಸೆನ್ಸ್

ನಮ್ಮ ಊರಿನಲ್ಲಿ ಮನೆಗಳು ರಾತ್ರಿ ಹೊತ್ತು ಜಾಗ ಬದಲಿಸುತ್ತವೆ. ಬೆಳಿಗ್ಗೆ ಬಾಗಿಲು ತೆಗೆದಾಗ ಎದುರಿಗೆ ಯಾರ ಮನೆ ಬಂದು ನಿಂತಿದೆಯೋ ಅವರನ್ನು ಮಾತನಾಡಿಸಿ, ಆಮೇಲೆ ರಂಗೋಲಿ ಹಾಕುವುದು ರೂಢಿ. ಜಗಳ ಏನಿದ್ದರೂ ಸಂಜೆಯೊಳಗೆ ಮುಗಿಸಿಕೊಳ್ಳುತ್ತಾರೆ. ಮರುದಿನಕ್ಕೆ ಉಳಿಸಿಕೊಂಡರೆ ಜಗಳವಾಡಲೆಂದೇ ಊರೆಲ್ಲ ಹುಡುಕಿಕೊಂಡು ಹೋಗಬೇಕಾಗುತ್ತದೆ, ಅಷ್ಟು ಪುರುಸೊತ್ತು ಯಾರಿಗಿದೆ. ನಮ್ಮ ಮನೆಯವರ ಕೆಲಸ ನೀರಿನ ಪೈಪು ಜೋಡಿಸುವುದು. ದಿನಾ ಬೆಳಿಗ್ಗೆ ಊರಿನ ಪೈಪುಗಳನ್ನೆಲ್ಲ ಹೊಸದಾಗಿ ಜೋಡಿಸಿ ಬಂದು, ಕೈ ತೊಳೆದು ತಿಂಡಿಗೆ ಕೂರುತ್ತಾರೆ. ರಜೆ ಯಾವಾಗ ಎಂದು ಯಾರಾದರೂ ಕೇಳಿದರೆ, ಮನೆಗಳಿಗೆ ಕಾಲು ನೋವು ಬಂದಾಗ ಎನ್ನುತ್ತಾರೆ.

ಜಾಗ ಬಿಟ್ಟು ಕದಲದ್ದು ಕೆಂಚಮ್ಮನ ಮನೆ ಒಂದೇ. ಆಕೆ ಮದುವೆಯಾಗಿ ಬಂದಾಗ ಎಲ್ಲಿತ್ತೋ ಈಗಲೂ ಅಲ್ಲೇ ಇದೆ. ಅದಕ್ಕೇ ಊರಿಗೆಲ್ಲ ಸೇರಿದ ಸಾಮಾನುಗಳು ಅವಳ ಮನೆಯಲ್ಲಿರುತ್ತವೆ: ಮದುವೆ ಅಡುಗೆಯ ಕೊಪ್ಪರಿಗೆ, ಉದ್ದದ ಏಣಿ, ಬಾಣಂತಿಯ ಮಂಚ, ಜಮಖಾನೆ. ಬೇಕಾದವರು ತೆಗೆದುಕೊಂಡು ಹೋಗುತ್ತಾರೆ, ಕೆಲಸ ಮುಗಿದ ಮೇಲೆ ತಂದಿಡುತ್ತಾರೆ. ಕೆಂಚಮ್ಮ ಒಳಗಿನಿಂದ ನೋಡುತ್ತಾ ಕೂತಿರುತ್ತಾಳೆ. ಬರೆದುಕೊಳ್ಳುವುದಿಲ್ಲ, ಮರೆಯುವುದೂ ಇಲ್ಲ.

ನನ್ನ ಮಗಳು ಸೇವಂತಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮೊದಲೆಲ್ಲ ನಾನೇ ಕೈ ಹಿಡಿದು ಶಾಲೆಗೆ ಬಿಟ್ಟು ಬರುತ್ತಿದ್ದೆ. ಹೋದ ವರ್ಷ ಶಾಲೆಯವರು ನಮಗೆ ಒಂದು ಅಚ್ಚಿನ ಯಂತ್ರವನ್ನೂ ಒಂದು ಹಳೆಯ ಲ್ಯಾಪ್‌ಟಾಪನ್ನೂ ಕೊಟ್ಟರು. ಊರಿನ ಪ್ರತಿ ಮನೆಯ ಹೊಸ್ತಿಲಿಗೆ ಒಂದು ಬಿಲ್ಲೆ ಬಡಿದಿದ್ದಾರೆ. ಬೆಳಗಿನ ಜಾವ ಮನೆಗಳು ನಿಂತ ಮೇಲೆ ಒಂದು ಸಾಫ್ಟ್‌ವೇರು ಆ ಬಿಲ್ಲೆಗಳನ್ನೆಲ್ಲ ಹುಡುಕಿ, ಆ ದಿನದ ಊರಿನ ಮಾದರಿಯನ್ನು ಕಟ್ಟುತ್ತದೆ. ಹಾಲಿನವರು ಅದನ್ನು ನೋಡಿ ಹಾಲು ಹಾಕುತ್ತಾರೆ, ಗ್ಯಾಸಿನವರು ಸಿಲಿಂಡರು ಹಾಕುತ್ತಾರೆ, ನಮ್ಮ ಮನೆಯವರು ಪೈಪು ಜೋಡಿಸುತ್ತಾರೆ. ನಾನು ಅದನ್ನು ಅಚ್ಚಿನ ಯಂತ್ರಕ್ಕೆ ಕೊಟ್ಟರೆ ದೋಸೆ ಕಾವಲಿಯಷ್ಟು ಅಗಲದ ಒಂದು ತಟ್ಟೆ ಬರುತ್ತದೆ. ಅದರ ಮೇಲೆ ಮನೆಗಳು ಉಬ್ಬಿರುತ್ತವೆ, ಬೀದಿಗಳು ತಗ್ಗಾಗಿರುತ್ತವೆ. ನಾನು ಜಡೆ ಹಾಕುವಷ್ಟರಲ್ಲಿ ಸೇವಂತಿ ಆ ತಟ್ಟೆಯನ್ನು ಬೆರಳಿನಲ್ಲಿ ಓದಿ ಮುಗಿಸುತ್ತಾಳೆ. ಆಮೇಲೆ ಕೋಲು ಹಿಡಿದು ಒಬ್ಬಳೇ ಹೊರಡುತ್ತಾಳೆ. ಮೊದಲ ದಿನ ನಾನು ಸದ್ದಿಲ್ಲದೆ ಹಿಂದೆ ಹೋಗಿದ್ದೆ. ಮೊದಲನೇ ತಿರುವಿನಲ್ಲೇ ನಿಂತಳು.

"ಅಮ್ಮ, ನಿನ್ ಚಪ್ಪಲಿ ಬಲಗಾಲಿಂದು ಕಿತ್ತೋಗಿದೆ. ಮನೆಗೆ ಹೋಗಿ ಹೊಲ್ಕೋ."

ಅಂದಿನಿಂದ ನಾನು ಹಿಂದೆ ಹೋಗಿಲ್ಲ.

ಮುಖ್ಯೋಪಾಧ್ಯಾಯಿನಿ ಲೀಲಾವತಿ ಮೇಡಂ ಕೆಟ್ಟವರಲ್ಲ. ದೂರದ ಒಂದು ನಗರದಲ್ಲಿ ಕಣ್ಣು ಕಾಣದ ಮಕ್ಕಳಿಗೆಂದೇ ಶಾಲೆಯೂ ಹಾಸ್ಟೆಲೂ ಇವೆ, ಅಲ್ಲಿ ಮನೆಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ, ಸೇವಂತಿಗೆ ಒಂದು ಸೀಟು ಹಿಡಿದಿಡಿಸಿದ್ದೇನೆ ಎಂದಿದ್ದರು. "ಬೆಲ್ ಹೊಡೆಯೋದ್ರೊಳಗೆ ತಾನೇ ನಡ್ಕೊಂಡ್ ಬಂದ್ರೆ ನನ್ ತಕರಾರಿಲ್ಲಮ್ಮ. ನಿಮ್ ಕೈ ಹಿಡ್ಕೊಂಡೇ ಬರೋದಾದ್ರೆ ಅವಳು ದೊಡ್ಡೋಳಾದ್ಮೇಲೆ ಏನು ಮಾಡ್ತೀರಿ?" ಎಂದು ಕೇಳಿದ್ದರು. ಹಾಸ್ಟೆಲೂ ಒಳ್ಳೆಯದೇ, ಅಲ್ಲಿ ನೆಲವಾದರೂ ಒಂದು ಕಡೆ ಇರುತ್ತದೆ ಎಂಬುದು ನಮ್ಮ ಮನೆಯವರ ಅಭಿಪ್ರಾಯವಾಗಿತ್ತು. ಸೇವಂತಿ ಮಾತ್ರ, "ನಾನು ಹೋಗಲ್ಲ. ಅಲ್ಲಿ ಎದುರುಮನೆಯವರು ಯಾವಾಗ್ಲೂ ಅವ್ರೇ ಇರ್ತಾರಂತೆ, ಬೇಜಾರು," ಎಂದಿದ್ದಳು.

ಹೀಗಿರುವಾಗ ಆ ಸಾಫ್ಟ್‌ವೇರ್ ಕಂಪನಿಯಿಂದ ಸುದ್ದಿ ಬಂತು. ಇಷ್ಟು ದಿನ ಪರೀಕ್ಷೆಗೆಂದು ಪುಕ್ಕಟೆ ಕೊಟ್ಟಿದ್ದರಂತೆ. ಇನ್ನು ಮುಂದೆ ಲೈಸೆನ್ಸ್ ಬೇಕು, ಆ ಲೈಸೆನ್ಸನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂದು ಊರಿನವರೇ ತೀರ್ಮಾನಿಸಬೇಕು, ಇಲ್ಲದಿದ್ದರೆ ನಿಲ್ಲಿಸುತ್ತೇವೆ ಎಂದಿದ್ದರು. ವಿವರ ಹೇಳಲು ವಿನುತಾ ಎಂಬ ಹುಡುಗಿಯನ್ನು ಕಳಿಸಿದರು. ಪಾಪ, ಹಿಂದಿನ ದಿನ ಯಾರೋ ಕೊಟ್ಟ ವಿಳಾಸ ಹಿಡಿದು ಬಂದು, ಯಾರದೋ ಎಮ್ಮೆ ಕೊಟ್ಟಿಗೆಯಲ್ಲಿ ಬಹಳ ಹೊತ್ತು ಕಾದಿದ್ದಳಂತೆ.

ಸಭೆ ಕೆಂಚಮ್ಮನ ಅಂಗಳದಲ್ಲಿ ಸೇರಿತು. ಊರಿನ ಅಧ್ಯಕ್ಷರಾದ ಪುಟ್ಟಸ್ವಾಮಿಯವರು ಕುರ್ಚಿಯಲ್ಲಿ ಕೂತಿದ್ದರು. ನಾನು ಬಿಡಿಸಲೆಂದು ಅವರೆಕಾಯಿ ತೆಗೆದುಕೊಂಡು ಹೋಗಿದ್ದೆ. ವಿನುತಾ ನಿಂತುಕೊಂಡೇ ಹೇಳಿದಳು.

"ಊರಿಗೆ ಒಂದೇ ಲೈಸೆನ್ಸ್ ಆಗೋದು. ಅಂದ್ರೆ ಒಂದು ಸಲಕ್ಕೆ ಒಬ್ಬರೇ ಬಳಸಬಹುದು. ಅದನ್ನ ಇಡೋಕೆ ಮೂರು ದಾರಿ ಇದೆ. ಒಂದು, ಈ ಪೆನ್‌ಡ್ರೈವ್ ಥರದ ಕೀಲಿ. ಇದನ್ನ ಯಾವ ಕಂಪ್ಯೂಟರಿಗೆ ಚುಚ್ಚಿರ್ತೀರೋ ಅದ್ರಲ್ಲಿ ಮಾತ್ರ ಕೆಲಸ ಆಗುತ್ತೆ."

"ಅದೇ ಸರಿ," ಎಂದರು ಪುಟ್ಟಸ್ವಾಮಿ. "ಕೊಡವ್ವ ಇಲ್ಲಿ, ನನ್ ಜೇಬಲ್ಲಿರ್ಲಿ."

"ಇನ್ನೂ ಎರಡು ಹೇಳ್ಬೇಕು ಸಾರ್."

"ಹೇಳು. ಕೀಲಿ ಮಾತ್ರ ಇಲ್ಲಿ ಕೊಡು."

ಕೆಂಚಮ್ಮ ಒಳಗಿನಿಂದಲೇ, "ಅವ್ನ ಜೇಬಲ್ಲಿ ಈಗ್ಲೇ ವಾಚನಾಲಯದ ಕೀಲಿ ಐತೆ, ನೀರಿನ್ ಟ್ಯಾಂಕಿನ ಕೀಲಿ ಐತೆ. ಇನ್ನೊಂದ್ ಐತೆ, ಅದ್ರ ಬೀಗ ಯಾವ್ದು ಅಂತ ಅವ್ನಿಗೂ ಗೊತ್ತಿಲ್ಲ. ನಡೀವಾಗ ಎತ್ತು ಬಂದಂಗೆ ಸದ್ದಾಯ್ತದೆ," ಎಂದಳು.

ಪುಟ್ಟಸ್ವಾಮಿ ಕಾಲ ಮೇಲೆ ಕಾಲು ಹಾಕಿಕೊಂಡರು. ಜೇಬು ಸದ್ದು ಮಾಡಿತು.

ಎರಡನೆಯ ದಾರಿ, ಲೈಸೆನ್ಸನ್ನು ಕಂಪನಿಯ ಸರ್ವರಿನಲ್ಲೇ ಬಿಡುವುದು. ನಾವು ಬೇಕಾದಾಗ ಇಂಟರ್ನೆಟ್ಟಿನಲ್ಲಿ ಕೇಳಿಕೊಳ್ಳಬೇಕು. ಏನೇ ಕೆಟ್ಟರೂ ಕಂಪನಿಯವರೇ ನೋಡಿಕೊಳ್ಳುತ್ತಾರೆ. "ನಾವು ಸಾಮಾನ್ಯವಾಗಿ ಇದನ್ನೇ ತಗೊಳ್ಳಿ ಅಂತ ಹೇಳ್ತೀವಿ," ಎಂದಳು ವಿನುತಾ. ಒಂದು ಸಣ್ಣ ತೊಂದರೆ ಏನೆಂದರೆ, ದಿನಕ್ಕೊಂದು ಜಾಗದಿಂದ ಯಾರಾದರೂ ಕೇಳಿದರೆ ಆ ಸರ್ವರು ಕಳ್ಳರಿರಬೇಕೆಂದು ಅನುಮಾನ ಪಡುತ್ತದೆ, ಓಟಿಪಿ ಕಳಿಸುತ್ತದೆ. ಆ ಓಟಿಪಿ ಊರಿನ ಹೆಸರಿನಲ್ಲಿರುವ ಫೋನಿಗೆ ಹೋಗುತ್ತದೆ.

"ಆ ಫೋನ್ ಯಾರ ಹತ್ರ ಇದೆ?" ಎಂದು ಹಾಲಿನ ರುದ್ರಾಣಿ ಕೇಳಿದಳು.

"ಹಳೇ ಗುಮಾಸ್ತರ ಹತ್ರ ಇತ್ತು," ಎಂದರು ಪುಟ್ಟಸ್ವಾಮಿ. "ಅವ್ರನ್ನ ಮಣ್ಣು ಮಾಡುವಾಗ ಜೇಬಲ್ಲೇ ಇತ್ತು ಅನ್ಸುತ್ತೆ."

ಸಭೆಯಲ್ಲಿದ್ದವರೆಲ್ಲ ಗುಮಾಸ್ತರನ್ನು ನೆನೆದು ಕೈ ಮುಗಿದರು.

ಮೂರನೆಯದು, ಊರಿನೊಳಗೇ ಒಂದು ಪೆಟ್ಟಿಗೆ ಇಟ್ಟುಕೊಳ್ಳುವುದು. ಲೈಸೆನ್ಸೂ ಮಾದರಿಯೂ ಅದರಲ್ಲೇ ಇರುತ್ತವೆ. ಬೇಕಾದವರು ತಮ್ಮ ಮನೆಯಿಂದಲೇ ಕೇಳಿ ತೆಗೆದುಕೊಳ್ಳಬೇಕು, ಕೆಲಸ ಮುಗಿದ ಮೇಲೆ ವಾಪಸು ಕೊಡಬೇಕು. ವಾಪಸು ಕೊಡುವವರೆಗೆ ಬೇರೆಯವರಿಗೆ ಸಿಗುವುದಿಲ್ಲ. "ಆದ್ರೆ ಆ ಪೆಟ್ಟಿಗೆ ಜಾಗ ಬದಲಾಯಿಸ್ಬಾರ್ದು. ಅಲುಗಾಡಿದ್ರೆ ಲೈಸೆನ್ಸ್ ರದ್ದಾಗುತ್ತೆ. ಅದಕ್ಕೇ ಇಲ್ಲಿಗೆ ಇದು ಹೊಂದಲ್ಲ ಅಂತ ನಮ್ಮ ಆಫೀಸಲ್ಲಿ…" ಎನ್ನುತ್ತಿದ್ದ ವಿನುತಾ, ಎಲ್ಲರೂ ಕೆಂಚಮ್ಮನ ಮನೆಯ ಕಡೆ ತಿರುಗಿದ್ದನ್ನು ನೋಡಿ ನಿಲ್ಲಿಸಿದಳು.

ನಾನು ಸಭೆಗಳಲ್ಲಿ ಮಾತನಾಡುವವಳಲ್ಲ. ಅವರೆಕಾಯಿ ಪಕ್ಕಕ್ಕಿಟ್ಟು ಕೇಳಿದೆ. "ಬೆಳಿಗ್ಗೆ ಶಾಲೆ ಬೆಲ್ಲಿಗೆ ಮುಂಚೆ ನನ್ ಮಗೂಗೆ ತಟ್ಟೆ ಸಿಗೋದು ಯಾವುದ್ರಲ್ಲಿ?"

ವಿನುತಾ ಯೋಚಿಸಿದಳು. ಪುಟ್ಟಸ್ವಾಮಿಯವರ ಕಚೇರಿ ತೆರೆಯುವಷ್ಟರಲ್ಲಿ ಶಾಲೆಯಲ್ಲಿ ಎರಡನೇ ಪಾಠ ನಡೆಯುತ್ತಿರುತ್ತದೆ. ಗುಮಾಸ್ತರು ಓಟಿಪಿ ಹೇಳುವ ಸ್ಥಿತಿಯಲ್ಲಿಲ್ಲ. "ಮೂರನೇದ್ರಲ್ಲಿ ಆಂಟಿ. ಎಲ್ಲರೂ ಬೇಗ ಬೇಗ ವಾಪಸ್ ಕೊಟ್ರೆ."

"ಕೊಡದೆ ಏನವ್ವ," ಎಂದಳು ಕೆಂಚಮ್ಮ. "ನಮ್ಮೂರ್ನೋರು ಈಸ್ಕೊಂಡಿದ್ದನ್ನ ಮಡಿಕ್ಕೊಳ್ಳೋ ಜನ ಅಲ್ಲ. ಕೊಪ್ಪರಿಗೆ ಪಕ್ಕದಲ್ಲಿ ಜಾಗ ಐತೆ. ತಂದಿಡಿ."

ಮೊದಲ ಕೆಲವು ವಾರ ಎಲ್ಲ ಚೆನ್ನಾಗಿ ನಡೆಯಿತು. ನಸುಕಿನಲ್ಲಿ ರುದ್ರಾಣಿ ಲೈಸೆನ್ಸ್ ತೆಗೆದುಕೊಳ್ಳುತ್ತಿದ್ದಳು, ಆಮೇಲೆ ನಮ್ಮ ಮನೆಯವರು, ಆಮೇಲೆ ನಾನು. ಅನ್ನಕ್ಕೆ ಇಟ್ಟು ಕೇಳಿದರೆ, ಗಂಜಿ ಉಕ್ಕುವಷ್ಟರಲ್ಲಿ ತಟ್ಟೆ ಆಗಿರುತ್ತಿತ್ತು. ನಮ್ಮ ನಂತರ ಗ್ಯಾಸಿನವರು, ಅಂಚೆಯವರು, ಸಂಜೆಗೆ ಪುಟ್ಟಸ್ವಾಮಿ. ಅವರಿಗೆ ಅದರಿಂದ ಏನು ಕೆಲಸವೆಂದು ಗೊತ್ತಿರಲಿಲ್ಲ. ಅಧ್ಯಕ್ಷರು ಅಂದ ಮೇಲೆ ದಿನಕ್ಕೊಮ್ಮೆ ನೋಡಬೇಕಲ್ಲ ಎನ್ನುತ್ತಿದ್ದರು.

ಬರಬರುತ್ತಾ ತಟ್ಟೆ ತಡವಾಗತೊಡಗಿತು. ಅನ್ನ ಆಗುತ್ತಿತ್ತು, ಸಾರು ಆಗುತ್ತಿತ್ತು, ಯಂತ್ರ ಇನ್ನೂ ಗುರ್ ಎನ್ನುತ್ತಲೇ ಇರುತ್ತಿತ್ತು. ಒಂದು ಸೋಮವಾರ ತಟ್ಟೆ ಬರುವ ಹೊತ್ತಿಗೆ ಶಾಲೆಯ ಬೆಲ್ಲು ಹೊಡೆದಾಗಿತ್ತು. ಸೇವಂತಿ ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ನಾನು ಕೈ ಚಾಚಿದೆ. ಅವಳು ಹಿಡಿದುಕೊಂಡಳು.

ಲೀಲಾವತಿ ಮೇಡಂ ಗೇಟಿನಲ್ಲೇ ಇದ್ದರು. ನಮ್ಮಿಬ್ಬರ ಕೈಗಳನ್ನು ನೋಡಿದರು. "ಹಾಸ್ಟೆಲಿನೋರು ಶುಕ್ರವಾರದೊಳಗೆ ಉತ್ತರ ಕೇಳಿದಾರೆ. ಶುಕ್ರವಾರ ಏನು ನೋಡ್ತೀನೋ ಅದನ್ನೇ ಬರೀತೀನಿ. ಬೇಜಾರು ಮಾಡ್ಕೋಬೇಡಿ," ಎಂದರು.

ಮನೆಗೆ ಬಂದು ವಿನುತಾಗೆ ಫೋನ್ ಮಾಡಿದೆ. ಅವಳು ಅಲ್ಲಿಂದಲೇ ನಮ್ಮ ಪೆಟ್ಟಿಗೆಯನ್ನು ತೆರೆದು ನೋಡಿದಳು.

"ಆಂಟಿ, ಈ ಮಾದರಿಯಲ್ಲಿ ಮನೆಗಳು ಮಾತ್ರ ಇರ್ಬೇಕಿತ್ತು. ಇದರಲ್ಲಿ ಒಂದು ಎಮ್ಮೆ ಇದೆ."

"ಅದು ರುದ್ರಾಣೀದು."

"ಒಂದು ಉಯ್ಯಾಲೆ, ಹಿಟ್ಟಿನ ಗಿರಣಿ, ತುಳಸಿಕಟ್ಟೆ. ಯಾರೋ ಹಪ್ಪಳ ಒಣಗ್ಹಾಕಿದಾರೆ, ಒಂದೊಂದು ಹಪ್ಪಳಾನೂ ಬೇರೆ ಬೇರೆ ಮಾಡಿದಾರೆ. ಯಾರು ಹಾಕಿದ್ದು ಇದನ್ನೆಲ್ಲ?"

"ಎಲ್ಲರೂ."

"ಯಾಕೆ?"

ನನಗೆ ಅವಳ ಪ್ರಶ್ನೆ ಅರ್ಥವಾಗಲಿಲ್ಲ. "ಇನ್ನೊಬ್ಬರ ಮನೆಯಿಂದ ಈಸ್ಕೊಂಡಿದ್ದು ಕಣಮ್ಮ. ಖಾಲಿ ಹೆಂಗೆ ವಾಪಸ್ ಕೊಡೋದು?" ಎಂದೆ.

ಪಾತ್ರೆ ಇಸಿದುಕೊಂಡರೆ ಅದರಲ್ಲಿ ಒಂದು ಹಿಡಿ ಬೆಲ್ಲವೋ ನಾಲ್ಕು ನಿಂಬೆಹಣ್ಣೋ ಹಾಕಿ ಕೊಡುತ್ತೇವೆ. ಏಣಿ ತಂದರೆ ತುದಿಗೆ ಒಂದು ಹೂವು ಸಿಕ್ಕಿಸಿ ಕೊಡುತ್ತೇವೆ. ಲೈಸೆನ್ಸ್ ಹಿಂದಿರುಗಿಸುವಾಗಲೂ ಎಲ್ಲರೂ ತಮ್ಮ ಮನೆಯ ಮುಂದಿನದ್ದು ಏನಾದರೊಂದನ್ನು ಮಾದರಿಯಲ್ಲಿ ಸೇರಿಸಿ ಕೊಡುತ್ತಿದ್ದರು. ದಿನಾ. ಹಾಕಿದ್ದು ಆ ಮನೆಯ ಜೊತೆಗೇ ಮರುದಿನದ ಮಾದರಿಗೂ ಬರುತ್ತಿತ್ತು. ನಾನೂ ನುಗ್ಗೆಮರ ಹಾಕಿದ್ದೆ, ಆಮೇಲೆ ಅದಕ್ಕೆ ಕಾಯಿ ಬಿಡಿಸಿದ್ದೆ.

"ಖಾಲಿ ಕೊಡ್ಬೇಕು ಆಂಟಿ," ಎಂದಳು ವಿನುತಾ, ಮೆತ್ತಗೆ, ಸಾವಿನ ಸುದ್ದಿ ಹೇಳುವವರ ಹಾಗೆ. "ತಟ್ಟೆ ಬೇಗ ಬೇಕಂದ್ರೆ ಇದೆಲ್ಲ ತೆಗೀಬೇಕು. ಅಂದ ಹಾಗೆ, ಇಲ್ಲೊಂದು ಕಮಾನಿದೆ, ಅದ್ರ ಮೇಲೆ ಒಂದು ಮುಖ. ಅದ್ರ ಮೀಸೆ ಕೂದಲು ಕೂದಲಾಗಿ ಮಾಡಿದಾರೆ. ಹೆಚ್ಚು ಹೊತ್ತು ಹಿಡೀತಿರೋದು ಆ ಮೀಸೆನೇ."

ಮತ್ತೆ ಕೆಂಚಮ್ಮನ ಅಂಗಳದಲ್ಲಿ ಸಭೆ. ಈ ಸಲ ಸೇವಂತಿಯನ್ನೂ ಕರೆದುಕೊಂಡು ಹೋದೆ. ಬಿಟ್ಟು ಬರಲು ಮನಸ್ಸಾಗಲಿಲ್ಲ, ಶುಕ್ರವಾರ ಹತ್ತಿರವಿತ್ತು. ವಿಷಯ ಹೇಳಿದೆ. ತಟ್ಟೆ ತಡವಾದರೆ ಮಗು ಹಾಸ್ಟೆಲಿಗೆ ಹೋಗುತ್ತದೆ ಎಂಬುದನ್ನೂ ಹೇಳಿದೆ. ಎಲ್ಲರಿಗೂ ಬೇಸರವಾಯಿತು. ಹಾಗಂತ ಹಾಕಿದ್ದನ್ನು ತೆಗೆಯಲು ಯಾರಿಗೂ ಮನಸ್ಸಿಲ್ಲ.

"ಕೊಟ್ಟಿದ್ದನ್ನ ಕಿತ್ಕೊಂಡ್ರೆ ಏನಕ್ಕ ಅನ್ಕೋತಾರೆ ಜನ," ಎಂದಳು ರುದ್ರಾಣಿ. "ನಮ್ಮೆಮ್ಮೆ ಸುಮ್ನೆ ನಿಂತಿರ್ತದೆ. ಅದೊಂದ್ರಿಂದ ತಡ ಆಗಲ್ಲ."

"ನಾನು ಆವತ್ತೇ ಹೇಳ್ದೆ," ಎಂದರು ಪುಟ್ಟಸ್ವಾಮಿ. "ಕೀಲಿ ನನ್ ಜೇಬಲ್ಲಿದ್ದಿದ್ರೆ ಯಾರೂ ಈಸ್ಕೊಳ್ಳೋ ಹಂಗೂ ಇರ್ಲಿಲ್ಲ, ತುಂಬಿ ಕೊಡೋ ಹಂಗೂ ಇರ್ಲಿಲ್ಲ. ಈಗ್ಲಾದ್ರೂ ಬದಲಾಯಿಸಿ."

ಕೆಲವರು ತಲೆಯಾಡಿಸಿದರು. ಕೆಂಚಮ್ಮ ಯಾವತ್ತೂ ಇಲ್ಲದ್ದು ಹೊರಗೆ ಬಂದು ಜಗಲಿಯ ಮೇಲೆ ಕೂತಳು. "ಯಾಕ್ರೋ, ಒಬ್ರಿಗೊಬ್ರು ಒದರ್ತೀರಿ. ತಟ್ಟೆ ಓದೋಳು ಇಲ್ಲೇ ಕೂತವ್ಳೆ. ಅವಳ್ನ ಕೇಳಿ. ಏನ್ ಮಗ, ನಿಂಗೆ ಯಾವ್ದು ಬೇಕು, ಯಾವ್ದು ಬ್ಯಾಡ?"

ಸೇವಂತಿ ಸೋಮವಾರ ತಡವಾಗಿ ಬಂದ ಆ ತಟ್ಟೆಯನ್ನು ಚೀಲದಲ್ಲೇ ಇಟ್ಟುಕೊಂಡಿದ್ದಳು. ಅದನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಬೆರಳಾಡಿಸುತ್ತಾ ಹೇಳಿದಳು.

"ಎಮ್ಮೆ ಇರ್ಲಿ, ವಾಸನೆ ಬರುತ್ತೆ. ಗಿರಣಿ ಇರ್ಲಿ, ಸದ್ದು ಮಾಡುತ್ತೆ. ಉಯ್ಯಾಲೆ ಕಿರ್ ಅನ್ನುತ್ತೆ, ಅದೂ ಇರ್ಲಿ. ಹಪ್ಪಳ ಬೇಡ, ಕರಿದ್ರೆ ಮಾತ್ರ ಗೊತ್ತಾಗೋದು. ತುಳಸಿಕಟ್ಟೆ ಎಲ್ಲರ ಮನೇಲೂ ಇದೆ, ಬೇಡ. ಇದೇನಿದು, ಪೊರಕೆ ಥರ?"

ಯಾರೂ ಹೇಳಲಿಲ್ಲ. ಕೊನೆಗೆ ಪುಟ್ಟಸ್ವಾಮಿಯವರೇ, "ಅದು ನನ್ ಮೀಸೆ ಕಣವ್ವ," ಎಂದರು.

"ಅದು ಸದ್ದು ಮಾಡುತ್ತಾ ಮಾವ?"

"ಇಲ್ಲ."

"ವಾಸನೆ?"

ಪುಟ್ಟಸ್ವಾಮಿ ಸ್ವಲ್ಪ ಯೋಚಿಸಿದರು. "ನಶ್ಯ ಹಾಕ್ದಾಗ ಬತ್ತದೆ. ಅದು ನಂಗೆ ಮಾತ್ರ."

"ಹಂಗಾದ್ರೆ ಬೇಡ ಮಾವ."

ಅವರು ಸುತ್ತ ನೋಡಿದರು. ಯಾರೂ ನಗುತ್ತಿರಲಿಲ್ಲ, ಎಲ್ಲರೂ ಬಹಳ ಪ್ರಯತ್ನಪಟ್ಟು ನೆಲ ನೋಡುತ್ತಿದ್ದರು. "ಸರಿ, ತಗ್ದಾಕಿ," ಎಂದರು ಅಧ್ಯಕ್ಷರು. "ನನ್ ಮೀಸೆ ತೆಗೆದ ಮೇಲೆ ಇನ್ಯಾವನ್ದೂ ಹಪ್ಪಳ ಇರ್ಬಾರ್ದು, ಅಷ್ಟೇ."

ಅದೇ ನಿಯಮವಾಯಿತು. ಸದ್ದು ಮಾಡುವುದು, ವಾಸನೆ ಬರುವುದು ಮಾತ್ರ ಇರಬಹುದು, ಅದೂ ಮನೆಗೆ ಒಂದೇ. ಅದು ಬಿಟ್ಟರೆ ಲೈಸೆನ್ಸನ್ನು ಖಾಲಿಯಾಗಿಯೇ ವಾಪಸು ಕೊಡಬೇಕು, ಯಾರೂ ಯಾರನ್ನೂ ತಪ್ಪು ತಿಳಿಯಬಾರದು. ಆ ರಾತ್ರಿ ನಮ್ಮ ಮನೆಯವರೂ ನಾನೂ ಕೂತು ಒಂದೊಂದಾಗಿ ತೆಗೆದೆವು. ನುಗ್ಗೆಮರ ತೆಗೆಯುವಾಗ ಅವರು ನನ್ನ ಮುಖ ನೋಡಿ, "ಕಾಯಿ ಚೆನ್ನಾಗ್ ಬಿಟ್ಟಿತ್ತು," ಎಂದರು. ಹಾಸ್ಟೆಲಿನ ಸುದ್ದಿ ಎತ್ತಲಿಲ್ಲ.

ಜನ ಸುಮ್ಮನಿರುವವರಲ್ಲ. ತಟ್ಟೆಯಲ್ಲಿ ಹೆಸರಿಲ್ಲದಂತಾಯಿತಲ್ಲ ಎಂದು ಕೆಲವರಿಗೆ ಬೇಜಾರಾಗಿತ್ತು. ಮರುದಿನದಿಂದಲೇ ಒಂದೊಂದು ಮನೆಯೂ ತಟ್ಟೆಯಲ್ಲಿ ಜಾಗ ಸಿಗಲೆಂದು ಏನಾದರೊಂದು ಸದ್ದು ಮಾಡತೊಡಗಿತು. ಯಾರೋ ಬಾಗಿಲಿಗೆ ಗೆಜ್ಜೆ ಕಟ್ಟಿದರು. ಅಂಚೆಯವರ ಹೆಂಡತಿ ಶಾಲೆಯ ಹೊತ್ತಿಗೆ ಸರಿಯಾಗಿ ಕಾಫಿಬೀಜ ಹುರಿಯಲು ಶುರುಮಾಡಿದಳು, ಅವರ ಮನೆಯಲ್ಲಿ ಯಾರೂ ಕಾಫಿ ಕುಡಿಯುವುದಿಲ್ಲ. ಪುಟ್ಟಸ್ವಾಮಿ ತಮ್ಮ ಮನೆ ಮುಂದಿನ ಕಮಾನಿನ ಕೆಳಗೆ ಒಂದು ರೇಡಿಯೋ ಇಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಸೇವಂತಿ ಹತ್ತಿರ ಬರುವವರೆಗೆ ವಾರ್ತೆ, ಬಂದ ಮೇಲೆ ಜೋರಾಗಿ ವಾರ್ತೆ.

ಶುಕ್ರವಾರ ಬೆಳಿಗ್ಗೆ ನಮ್ಮ ಎದುರಿಗೆ ಯಾರ ಮನೆಯೂ ಇರಲಿಲ್ಲ, ಬಯಲು. ನಾವು ಊರಿನ ಅಂಚಿಗೆ ಬಂದು ನಿಂತಿದ್ದೆವು. ಶಾಲೆ ಇನ್ನೊಂದು ಅಂಚಿನಲ್ಲಿತ್ತು. ಅದಕ್ಕಿಂತ ದೂರ ಅದು ಯಾವತ್ತೂ ಹೋಗಿರಲಿಲ್ಲ. ಅನ್ನಕ್ಕಿಟ್ಟು ಲೈಸೆನ್ಸ್ ಕೇಳಿದೆ. ಯಾರೋ ಬಳಸುತ್ತಿದ್ದಾರೆ ಎಂದು ಬಂತು. ಮತ್ತೆ ಕೇಳಿದೆ. ಅದೇ ಉತ್ತರ. ನಮ್ಮ ಮನೆಯವರು ಇನ್ನೂ ಪೈಪಿನ ಕೆಲಸದಲ್ಲಿದ್ದರು, ಅವರೇ ಇಟ್ಟುಕೊಂಡಿರಬೇಕು. ಫೋನ್ ಮಾಡಿದೆ.

"ನಾನು ಇವತ್ತು ತಗೊಂಡೇ ಇಲ್ಲ," ಎಂದರು. "ಮೊದ್ಲು ನಿಂಗೆ ಸಿಗ್ಲಿ ಅಂತ. ಪೈಪು ಹುಡುಕ್ಕೊಂಡು ನಡೀತಿದೀನಿ."

"ಹಾಸ್ಟೆಲಿಗೆ ಕಳಿಸ್ಬೇಕು ಅಂತಿದ್ರಿ."

"ಅಂದಿದ್ದೆ. ಫೋನಿಡು, ಕೈ ಒದ್ದೆ."

ಮತ್ತೆ ಕೇಳಿದಾಗ ಸಿಕ್ಕಿತು. ಮೊದಲು ಬಳಸುತ್ತಿದ್ದವಳು ರುದ್ರಾಣಿ ಎಂದು ಆಮೇಲೆ ತಿಳಿಯಿತು. ಬರಿದಾಗಿ ಹಿಂದಿರುಗಿಸಲು ಅವಳಿಗೆ ಕೈ ಬರದೆ, ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳಂತೆ. ಗಂಜಿ ಉಕ್ಕಿತು. ಒಲೆ ಸಣ್ಣಗೆ ಮಾಡಿ ಬಂದರೆ ತಟ್ಟೆ ಸಿದ್ಧವಾಗಿತ್ತು.

ಸೇವಂತಿ ಬಿಸಿ ಆರುವವರೆಗೂ ಕಾಯಲಿಲ್ಲ. ನಾನು ಜಡೆ ಹೆಣೆಯುತ್ತಿದ್ದಂತೆ ಅವಳ ಬೆರಳು ನಮ್ಮ ಮನೆಯಿಂದ ಹೊರಟು, ಗಿರಣಿಯ ಹತ್ತಿರ ತಿರುಗಿ, ಎಮ್ಮೆಯನ್ನು ದಾಟಿ, ಕಾಫಿಬೀಜದ ಹತ್ತಿರ ಸ್ವಲ್ಪ ನಿಂತು, ರೇಡಿಯೋವನ್ನು ಸುತ್ತುಹಾಕಿ ಶಾಲೆ ಮುಟ್ಟಿತು. ನಮ್ಮ ಮನೆಯ ಗುರುತಿನ ಮುಂದೆ ಏನೂ ಇಲ್ಲದ್ದು ನನಗೆ ಆಗಲೇ ಕಂಡಿದ್ದು.

"ನಮ್ಮನೆ ಮುಂದೆ ಏನು ಹಾಕ್ಲಿ ಮಗ? ಗೆಜ್ಜೆ ಕಟ್ಲಾ? ಒಗ್ಗರಣೆ ಹಾಕ್ಲಾ? ಸಂಜೆ ವಾಪಸ್ ಬರುವಾಗ ಗೊತ್ತಾಗ್ಬೇಕಲ್ಲ."

"ಏನೂ ಬೇಡಮ್ಮ. ನೀನು ಒಬ್ಬಳೇ ಇದ್ದಾಗ್ಲೂ ಮಾತಾಡ್ತಾನೇ ಇರ್ತೀಯಲ್ಲ. ಎರಡು ಬೀದಿ ಆಚೆಗೇ ಕೇಳುತ್ತೆ."

"ನಾನೆಲ್ಲಿ ಮಾತಾಡ್ತೀನಿ?"

"ಪಾತ್ರೆ ಜೊತೆ," ಎಂದು ಕೋಲು ತೆಗೆದುಕೊಂಡು ಹೊರಟಳು.

ನಾನು ಹೊಸ್ತಿಲು ದಾಟಲಿಲ್ಲ. ಅಡುಗೆಮನೆಗೆ ಹೋದೆ. ಪಾತ್ರೆಗಳನ್ನು ತೊಳೆದೆ. ನಿಜವಾಗಿ ಒಂದು ಮಾತೂ ಆಡಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದೆ ರುಚಿ ನೋಡಿದೆ, ರುಚಿ ತಿಳಿಯಲಿಲ್ಲ. ಶಾಲೆ ಅಷ್ಟು ದೂರ ಹೋಗಿದ್ದರಿಂದ ಬೆಲ್ಲಿನ ಸದ್ದೂ ಕೇಳಲಿಲ್ಲ. ಆಮೇಲೆ ಫೋನ್ ಬಂತು.

"ಮಗು ಬಂದಿದಾಳೆ," ಎಂದರು ಲೀಲಾವತಿ ಮೇಡಂ. "ಬೆಲ್ಲಿಗೆ ಮುಂಚೆನೇ. ನೀವು ಹಿಂದೆ ಹಿಂದೆ ಬಂದಿಲ್ಲ ತಾನೇ?"

"ಇಲ್ಲ ಮೇಡಂ. ಸೌಟು ಹಿಡ್ಕೊಂಡು ನಿಂತಿದೀನಿ."

"ಸರಿ. ಬೇಡ ಅಂತ ಬರೀತೀನಿ," ಎಂದು ಫೋನಿಟ್ಟರು.

ನಾನು ಸೌಟು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಎದ್ದು ಸಾರಿಗೆ ಉಪ್ಪು ಹಾಕಿದೆ. ಮೊದಲೇ ಹಾಕಿದ್ದೆನೆಂದು ಮಧ್ಯಾಹ್ನ ನಮ್ಮ ಮನೆಯವರು ಎರಡು ಚೊಂಬು ನೀರು ಕುಡಿದಾಗ ತಿಳಿಯಿತು. ಆದರೂ ಇನ್ನೊಮ್ಮೆ ಬಡಿಸಿಕೊಂಡರು.

ಸಂಜೆ ಶಾಲೆ ಬಿಡುವ ಹೊತ್ತಿಗೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಬಾಗಿಲಲ್ಲಿ ಕೂತೆ. ಎದುರಿಗೆ ಬಯಲು, ಅಕ್ಕಪಕ್ಕ ಯಾರೂ ಇಲ್ಲ. ಮಾತನಾಡಬೇಕೆಂದು ಕೂತಾಗ ಏನು ಮಾತನಾಡುವುದೆಂದೇ ತೋಚುವುದಿಲ್ಲ. ಗಂಟಲು ಸರಿಮಾಡಿಕೊಂಡೆ. ಈ ಸಲದ ಅಕ್ಕಿಯಲ್ಲಿ ಕಲ್ಲು ಹೆಚ್ಚು, ಅಂಗಡಿಯವನನ್ನು ಕೇಳಬೇಕು, ನಾಳೆ ಅವನ ಅಂಗಡಿ ಯಾವ ಕಡೆ ಇರುತ್ತದೋ ಏನೋ ಎಂದು ಅಕ್ಕಿಗೆ ಸ್ವಲ್ಪ ಜೋರಾಗಿಯೇ ಹೇಳತೊಡಗಿದೆ.